ಕಾಟ್ಲಾಗಳನ್ನು ಗಳಗನಾಥಕ್ಕೆ ಮುಟ್ಟಿಸಿದ್ದು

ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ತಿಮಿಂಗಿಲ ಮೀನಲ್ಲ ಎಂದು ಪ್ರತಿ ವರ್ಷ ಹೇಳುತ್ತೇನೆ, ಮಕ್ಕಳು ಪ್ರತಿ ವರ್ಷ ಪರೀಕ್ಷೆಯಲ್ಲಿ ಅದನ್ನು ಮೀನು ಎಂದೇ ಬರೆಯುತ್ತಾರೆ. ಅವರ ತಪ್ಪೇನೂ ಇಲ್ಲ. ನಮ್ಮಲ್ಲಿಂದ ಸಮುದ್ರಕ್ಕೆ ಹೋಗಬೇಕಾದರೆ ಘಟ್ಟ ಇಳಿಯಬೇಕು. ಘಟ್ಟ ಇಳಿದವರಲ್ಲಿ ಹೆಚ್ಚಿನವರು ದೇವರ ದರ್ಶನ ಮಾಡಿ, ದಂಡೆಯ ಮೇಲೆ ಮಿರ್ಚಿ ತಿಂದು, ಪ್ಯಾಂಟು ಮೊಣಕಾಲಿಗೆ ಏರಿಸಿ ಫೋಟೋ ತೆಗೆಸಿಕೊಂಡು ಬಂದವರು. ಈಜುವ ಪ್ರಾಣಿಗಳ ವಿಷಯದಲ್ಲಿ ನನ್ನ ಅನುಭವವೂ ಪಠ್ಯಪುಸ್ತಕದ ಚಿತ್ರಗಳ ಆಚೆ ಹೋಗಿರಲಿಲ್ಲ. ಕಿವಿರಿನ ಚಿತ್ರವನ್ನು ಬೋರ್ಡಿನ ಮೇಲೆ ಚಂದ ಬರೆಯುತ್ತಿದ್ದೆ. ಕಿವಿರಿರುವ ಜೀವವನ್ನು ಕೈಯಲ್ಲಿ ಹಿಡಿಯುವ ಪ್ರಸಂಗ ಬಂದದ್ದು ನನ್ನ ಮಾವನವರ ಹೊಂಡದಿಂದಾಗಿ.

ಮಾವನವರ ಮನೆ ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿದೆ. ಬ್ಯಾಡಗಿ ಪೇಟೆಯಲ್ಲಿ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ, ಊರಲ್ಲಿ ಹೊಲ. ಲಿಂಗ ಕಟ್ಟಿದ ಮನೆ. ಅಲ್ಲಿ ಮೀನು ತಿನ್ನುವುದು ಅತ್ತ ಇರಲಿ, ಅಡುಗೆಮನೆಯ ಹೊಸ್ತಿಲ ಒಳಗೆ ಆ ಶಬ್ದವನ್ನೂ ಆಡುತ್ತಿರಲಿಲ್ಲ. ಆಡಲೇಬೇಕಾಗಿ ಬಂದರೆ ಅತ್ತೆ ‘ನೀರಾಗಿನವು’ ಎನ್ನುತ್ತಿದ್ದರು. ನನ್ನ ಹೆಂಡತಿ ಚಿಕ್ಕವಳಿದ್ದಾಗ ಅಕ್ಷರಮಾಲೆಯ ಪುಸ್ತಕದಲ್ಲಿ ಮೀನಿನ ಚಿತ್ರವಿದ್ದ ಪುಟವನ್ನು ಪಡಸಾಲೆಯಲ್ಲೇ ಕೂತು ಓದಿ ಮುಗಿಸಿ, ಮುಂದಿನ ಪುಟಕ್ಕೆ ಅಡುಗೆಮನೆಗೆ ಹೋಗುತ್ತಿದ್ದಳಂತೆ.

ಆ ಮನೆಯ ಇನ್ನೊಂದು ಸಂಗತಿಯನ್ನು ಮೊದಲೇ ಹೇಳಬೇಕು. ಅತ್ತೆ ಮಾವನ ಜೊತೆ ಮಾತಾಡುತ್ತಿರಲಿಲ್ಲ.

ಇದು ನನಗೆ ಗೊತ್ತಾದದ್ದು ಮದುವೆಯ ಹೊಸದರಲ್ಲಿ, ಊಟಕ್ಕೆ ಕೂತಾಗ. “ಅಳಿಯಾರ, ಅವರಿಗೆ ಕೇಳ್ರಿ, ಇನ್ನೊಂದು ರೊಟ್ಟಿ ಹಾಕ್ಲೇನು ಅಂತ” ಎಂದರು ಅತ್ತೆ. ಮಾವ ನನ್ನ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದರು. ನಾನು ತಮಾಷೆ ಎಂದುಕೊಂಡು ನಕ್ಕೆ. ಯಾರೂ ನಗಲಿಲ್ಲ. “ಸಾಕಂತ ಹೇಳ್ರಿ” ಎಂದರು ಮಾವ. ಸಾಕಂತೆ ಎಂದು ಹೇಳಿದೆ. ಅತ್ತೆ ರೊಟ್ಟಿಯ ಬುಟ್ಟಿಯನ್ನು ಒಳಗೆ ಒಯ್ದರು. ಈ ಕೆಲಸ ಅಲ್ಲಿಯವರೆಗೆ ನನ್ನ ಹೆಂಡತಿಯದಾಗಿತ್ತು, ಮದುವೆಯಾಗುತ್ತಲೇ ನನಗೆ ದಾಟಿತು. ನಾನು ವರದಕ್ಷಿಣೆ ಬೇಡ ಎಂದಿದ್ದೆ. ಇದನ್ನು ಬೇಡ ಎನ್ನಲು ಯಾರೂ ನನ್ನನ್ನು ಕೇಳಲೇ ಇಲ್ಲ.

ಕಾರಣ ಒಂದು ಎತ್ತು. ಅತ್ತೆ ಅದನ್ನು ಕರುವಾಗಿದ್ದಾಗಿನಿಂದ ಸಾಕಿದ್ದರು. ವಯಸ್ಸಾಗಿ ಅದು ನೊಗಕ್ಕೆ ಬಾರದಂತಾದಾಗ ಮಾವ ರಾಣೆಬೆನ್ನೂರಿನ ದನದ ಸಂತೆಗೆ ಹೊಡೆದುಕೊಂಡು ಹೋದರು. ನಮ್ಮ ಕಡೆ ದನದ ವ್ಯಾಪಾರವೆಂದರೆ ಟವೆಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತಾರೆ. ಕುದುರಿದ ಮೇಲೆ ಮಾರಿದವನು ಕೊರಳ ಹಗ್ಗ ಬಿಚ್ಚಿಕೊಂಡು ಮನೆಗೆ ತರುತ್ತಾನೆ, ದನ ಹೋದರೂ ಕೊಟ್ಟಿಗೆಯ ಲಕ್ಷ್ಮಿ ಹೋಗಬಾರದೆಂದು. ಹಗ್ಗ ಬಿಚ್ಚುವ ಮೊದಲು ಒಂದು ಪ್ರಶ್ನೆ ಕೇಳುವ ರೂಢಿಯಿದೆ: “ಸಾಕಾಕ ಹೌದಲ್ಲೋ?” ಕೊಂಡವನು “ಸಾಕಾಕರೀ” ಅನ್ನುತ್ತಾನೆ. ಬೇರೆ ಉತ್ತರವನ್ನು ಆ ಸಂತೆಯಲ್ಲಿ ಈವರೆಗೆ ಯಾರೂ ಕೇಳಿಲ್ಲ. ಮಾವ ಕೇಳಿದರು, ಅವನು ಹೇಳಿದ. ಮಾವ ಮನೆಗೆ ಬಂದು, ಹೊನ್ನಾಳಿ ಕಡೆಯ ರೈತನೊಬ್ಬ ಒಯ್ದ, ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದು ದೇವರಗುಡ್ಡದ ಮೈಲಾರನ ಆಣೆ ಹಾಕಿದರು. ಮುಂದೆ ಯಾವುದೋ ಮದುವೆಮನೆಯಲ್ಲಿ, ಅಂದು ಸಂತೆಯಲ್ಲಿದ್ದ ಬೀಗರೊಬ್ಬರು ಬುಂದಿ ಲಾಡು ತಿನ್ನುತ್ತ, ಎತ್ತು ಹೋದದ್ದು ಸಾಕುವವನ ಕೈಗೆ ಅಲ್ಲ ಎಂದುಬಿಟ್ಟರು. ಅತ್ತೆ ಮನೆಗೆ ಬಂದು ಎಂದಿನಂತೆ ಅಡುಗೆ ಮಾಡಿದರು, ಎಂದಿನಂತೆ ಬಡಿಸಿದರು. ಮಾತನ್ನು ಮಾತ್ರ ಅಂದಿನಿಂದ ಬೇರೆಯವರ ಕೈಯಲ್ಲಿ ಕಳಿಸತೊಡಗಿದರು.

ಪೇಟೆಯಲ್ಲಿ ಮಾವನವರು ಬಾಯಿಮಾತಿನಲ್ಲಿ ಒಪ್ಪಿದ ದರಕ್ಕೆ ಜನ ಮಾಲು ಇಳಿಸಿ ಹೋಗುತ್ತಿದ್ದರು. ಮನೆಯಲ್ಲಿ ಅದೇ ಮಾತು ಚಲಾವಣೆಯಲ್ಲಿರಲಿಲ್ಲ. ಅದು ಅವರನ್ನು ಒಳಗೊಳಗೇ ಸುಡುತ್ತಿತ್ತು. ಒಮ್ಮೆ ಅಂಗಡಿಯಲ್ಲಿ ಚಹಾ ಕುಡಿಯುವಾಗ ತಾವಾಗಿಯೇ ಅಂದರು: “ಊರೆಲ್ಲಾ ನಂಬತೈತಿ ಅಳಿಯಾರ. ನಂಬಬೇಕಾದಾಕಿ ನಂಬಂಗಿಲ್ಲ.” ಈ ಮಾತನ್ನು ಒಯ್ದು ಮುಟ್ಟಿಸಬೇಕೇ ಎಂದು ಕೇಳಿದೆ. ಬೇಡ ಎಂದರು.

ಇನ್ನು ಹೊಂಡದ ಕತೆ. ಮೆಣಸಿನ ಗಿಡಕ್ಕೆ ನೀರಾಗಲಿ ಎಂದು ಮಾವ ಹೊಲದಲ್ಲಿ ಕೃಷಿ ಹೊಂಡ ತೋಡಿಸಿ, ತಳಕ್ಕೆ ಕರೀ ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಮಳೆ ಬಂದು ತುಂಬಿತು. ಜೊತೆಗೆ ಸೊಳ್ಳೆ ಬಂದವು. ಊರಿನ ಆಶಾ ಕಾರ್ಯಕರ್ತೆ ಬಂದು, ಸೊಳ್ಳೆಮರಿ ತಿನ್ನುವ ಸಣ್ಣ ಮೀನು ಸಿಗುತ್ತವೆ, ತಂದು ಬಿಡಿ ಎಂದಳು. ಹೊಂಡ ಹೊಲದಲ್ಲಿರುವುದರಿಂದ, ಅಡುಗೆಮನೆಯಿಂದ ದೂರವಿರುವುದರಿಂದ, ಅತ್ತೆ ಒಪ್ಪಿಗೆಯನ್ನು ನನ್ನ ಮೂಲಕ ಕಳಿಸಿದರು.

ವಿಜ್ಞಾನದ ಮಾಸ್ತರರು ಜೊತೆಗಿರಲಿ ಎಂದು ಮಾವ ನನ್ನನ್ನೂ ಕರೆದುಕೊಂಡು ಮೀನುಮರಿ ಮಾರುವಲ್ಲಿಗೆ ಹೋದರು. ಹೋದ ಮೇಲೆ ನನ್ನನ್ನು ಮೋಟಾರ್ ಸೈಕಲ್ ಕಾಯಲು ನಿಲ್ಲಿಸಿದರು. ಅವರಿಗೊಂದು ಪೇಟೆಯ ನಿಯಮವಿತ್ತು. ಕೊಳ್ಳುವವನು ಪ್ರಶ್ನೆ ಕೇಳಬಾರದು, ಕೇಳಿದರೆ ಇವನಿಗೆ ಮಾಲು ಗೊತ್ತಿಲ್ಲ ಎಂದು ತಿಳಿದು ದರ ಏರುತ್ತದೆ. ಆದ್ದರಿಂದ ಅವರು ಸೊಳ್ಳೆಯ ಸುದ್ದಿಯನ್ನೇ ಎತ್ತಲಿಲ್ಲ. ಮೆಣಸಿನ ಬೀಜ ಕೇಳುವ ಹಾಗೆ, “ಇದ್ದದ್ರಾಗ ಚಲೋ ತಳಿದು ಕೊಡ್ರಿ. ಲಗೂ ಬೆಳೀಬೇಕು” ಎಂದರು. ಅಲ್ಲಿದ್ದಾತ ಹಾಗೆಯೇ ಕೊಟ್ಟ. ಉಬ್ಬಿದ ಪ್ಲಾಸ್ಟಿಕ್ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತು ಬರುವಾಗ, ಚೀಲದ ಮೇಲೆ ಬರೆದದ್ದನ್ನು ಓದಿ, ಅವು ಕಾಟ್ಲಾ ಎಂಬ ಜಾತಿಯ ಮರಿಗಳೆಂದು ನನಗೆ ತಿಳಿಯಿತು.

“ಮಾವಾರ, ಸೊಳ್ಳಿ ತಿನ್ನೂವು ಸಣ್ಣ ಜಾತೀವು ಇರತಾವ. ಇವು ಭಾಳ ದೊಡ್ಡವು ಆಗತಾವ” ಎಂದೆ.

“ದೊಡ್ಡವಾದ್ರ ಹೆಚ್ಚು ತಿಂತಾವ” ಎಂದರು ಮಾವ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಹೊಂಡದಲ್ಲಿ ಮೀನುಗಳೂ ದೊಡ್ಡವಾಗಿದ್ದವು, ಸೊಳ್ಳೆಗಳೂ ಚೆನ್ನಾಗಿದ್ದವು. ಒಂದಕ್ಕೊಂದು ತಂಟೆಯಿರಲಿಲ್ಲ. ಹೊಲಕ್ಕೆ ಎಮ್ಮೆ ನೋಡಲು ಹೋಗುತ್ತಿದ್ದ ಅತ್ತೆ, ಪಾಪ ಇವಕ್ಕೆ ಯಾರೂ ಏನೂ ಹಾಕುವುದಿಲ್ಲವಲ್ಲ ಎಂದು ಒಂದು ದಿನ ಎಮ್ಮೆಯ ಶೇಂಗಾ ಹಿಂಡಿಯಲ್ಲಿ ಒಂದು ಹಿಡಿ ನೀರಿಗೆ ಎಸೆದರು. ಆಮೇಲೆ ಅದು ರೂಢಿಯಾಯಿತು. ಹಿಂಡಿ, ಜೋಳದ ತೌಡು, ಮಿಕ್ಕ ರೊಟ್ಟಿಯ ಪುಡಿ. ದಂಡೆಯಲ್ಲಿ ಕೂತು ಸ್ಟೀಲಿನ ತಾಟು ಬಡಿದರೆ ಸಾಕು, ಕರೀ ನೀರು ಕುದಿಯುವಂತಾಗಿ, ದೊಡ್ಡ ದೊಡ್ಡ ಬಾಯಿಗಳು ಮೇಲೆ ಬರುತ್ತಿದ್ದವು. “ಬರ್ರೆವ್ವಾ, ಬರ್ರಿ” ಎಂದು ಅತ್ತೆ ಎಲ್ಲವನ್ನೂ ಮಾತಾಡಿಸುತ್ತಿದ್ದರು. ಯಾವುದು ಹಟದ್ದು, ಯಾವುದು ಹೆದರುಪುಕ್ಕಲು, ಯಾವುದು ಇನ್ನೊಂದರ ತುತ್ತು ಕಸಿಯುತ್ತದೆ, ಎಲ್ಲ ಅವರಿಗೆ ಗೊತ್ತು. ಮೀನುಗಳ ಜೊತೆ ಅವರಿಗೆ ನಡುವೆ ಯಾರೂ ಬೇಕಿರಲಿಲ್ಲ.

ನನ್ನ ಹೆಂಡತಿ ಅದನ್ನು ವಿಡಿಯೋ ಮಾಡಿ ಬಳಗದ ಗುಂಪಿಗೆ ಹಾಕಿದಳು. ಕೆಲವು ದಿನದ ಮೇಲೆ ಅಲ್ಲಿ ಒಬ್ಬರು ಚಿಕ್ಕಮ್ಮ, ವಿಭೂತಿ ಹಚ್ಚುವ ಮನೆಯಲ್ಲಿ ಇದೇನು ದಂಧೆ ಎಂದು ಕೇಳಿದರು. ಮಾರುವುದಿಲ್ಲ, ತಿನ್ನುವುದಿಲ್ಲ ಎಂದು ನನ್ನ ಹೆಂಡತಿ ಬರೆದಳು. ಹಾಗಾದರೆ ಯಾತಕ್ಕೆ ಎಂದು ಚಿಕ್ಕಮ್ಮ ಕೇಳಿದರು. ಇತ್ತ ನಮ್ಮ ಶಾಲೆಯ ಡ್ರಿಲ್ ಮಾಸ್ತರರು ಸೋಮವಾರಕ್ಕೊಮ್ಮೆ ಕಾಟ್ಲಾಗಳ ಆರೋಗ್ಯ ವಿಚಾರಿಸತೊಡಗಿದರು. ಅವರ ಕಾಳಜಿಯಲ್ಲಿ ಎಣ್ಣೆ ಕಾಯುವ ಸಪ್ಪಳ ನನಗೆ ಕೇಳುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಎಮ್ಮೆಯ ಕರು ಹೊಂಡಕ್ಕೆ ಬಿತ್ತು. ಊರವರು ಓಡಿಬಂದರು. ಹಗ್ಗ ಕಟ್ಟಲು ಆಸರೆ ಬೇಕೆಂದು, ಬಹಳ ಬುದ್ಧಿವಂತರೊಬ್ಬರು ನೀರಿಗಿಳಿದು ತಳಕ್ಕೆ ಕಬ್ಬಿಣದ ಸಲಾಕೆ ಹೊಡೆದರು. ಕರು ಮೇಲೆ ಬಂತು, ಮೈ ಕೊಡವಿ ಹುಲ್ಲು ತಿನ್ನಲು ಹೋಯಿತು. ಎಲ್ಲರೂ ಅವರ ಬೆನ್ನು ತಟ್ಟಿದರು. ನೀರು ಇಳಿಯತೊಡಗಿದ್ದು ಆಮೇಲೆ. ಹಾಳೆ ತಳದಲ್ಲಿಯೇ ತೂತಾಗಿತ್ತು. ಬೋರಿನಿಂದ ಬಿಟ್ಟ ನೀರೆಲ್ಲ ನೀರಲ್ಲಿ ಹೋಮ ಮಾಡಿದಂತೆ ಮಣ್ಣಿನೊಳಗೆ ಹೋಯಿತು. ಹಾಳೆಗೆ ತೇಪೆ ಹಾಕಿಸಬೇಕಾದರೆ ಹೊಂಡ ಬರಿದಾಗಬೇಕು, ಹೊಂಡ ಬರಿದಾದರೆ ಮೀನು ಸಾಯಬೇಕು. ಬೆಳಗಿನ ಹೊತ್ತು ಅವು ತಾಟು ಬಡಿಯದಿದ್ದರೂ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಅದು ಹಸಿವಿಗಲ್ಲ, ಉಸಿರಿಗೆ ಎಂದು ನಾನು ಹೇಳಬೇಕಾಗಲಿಲ್ಲ, ಅತ್ತೆಗೆ ತಿಳಿದಿತ್ತು.

ಆ ಭಾನುವಾರ ಪಡಸಾಲೆಯಲ್ಲಿ ನಾನು ಮಾಡಿದಷ್ಟು ಕೆಲಸ ಹಿಂದೆಂದೂ ಮಾಡಿಲ್ಲ. ಇಬ್ಬರೂ ಎದುರುಬದುರು ಕೂತಿದ್ದರು, ನಾನು ನಡುವೆ.

“ಅಳಿಯಾರ, ಅವರಿಗೆ ಹೇಳ್ರಿ. ಅವುಗಳನ್ನ ಯಾರಿಗರೆ ಮಾರಿ ಬಂದು, ಸಾಕಾಕ ಒಯ್ದಾರ ಅಂತ ನನಗ ಹೇಳೂದು ಬ್ಯಾಡ.”

“ಹೇಳ್ರಿ, ಮಾರಂಗಿಲ್ಲ. ಒಂದೂ ಸಾಯಂಗಿಲ್ಲ. ದೊಡ್ಡ ನೀರಿಗೆ ಮುಟ್ಟಸ್ತೇನಿ. ಮೈಲಾರಲಿಂಗನ ಆಣಿ.”

“ಎತ್ತಿಗೂ ಅದs ಆಣಿ ಹಾಕಿದ್ರು ಅನ್ರಿ.”

ನಾನು ಆ ಕೊನೆಯ ಮಾತನ್ನು ಮುಟ್ಟಿಸಲಿಲ್ಲ. ಮುಟ್ಟಿಸುವ ಅಗತ್ಯವಿರಲಿಲ್ಲ, ಅದು ತಾನಾಗಿಯೇ ಹೋಗಿ ಮುಟ್ಟಿದ್ದು ಮಾವನ ಮುಖದಲ್ಲಿ ಕಾಣುತ್ತಿತ್ತು. ಎಲ್ಲಿ ಬಿಡಬೇಕು ಕೇಳಿ ಎಂದರು ಮಾವ. ಗಳಗನಾಥದಲ್ಲಿ ಎಂದರು ಅತ್ತೆ. ಅಲ್ಲಿ ವರದಾ ಬಂದು ತುಂಗಭದ್ರೆಗೆ ಕೂಡುತ್ತದೆ, ಬೇಸಿಗೆಯಲ್ಲೂ ಮಡು ಇರುತ್ತದೆ, ಎದುರಿಗೆ ದೇವರಿದ್ದಾನೆ. ದೇವರ ಮುಂದೆ ಬಿಟ್ಟರೆ ಮಾವ ಸುಳ್ಳು ಹೇಳಲಾರರು ಎಂಬ ಲೆಕ್ಕವೂ ಅದರಲ್ಲಿ ಇದ್ದಿರಬೇಕು.

ಈಗ ಮೀನು ಹಿಡಿಯುವವರು ಬೇಕಾದರು. ರಾಣೆಬೆನ್ನೂರು ಕಡೆ ಕೆರೆಯೊಂದನ್ನು ಗುತ್ತಿಗೆ ಹಿಡಿದಿದ್ದ ಮೀನುಗಾರನೊಬ್ಬ ಬಂದ. ಹೊಂಡದ ದಂಡೆಯಲ್ಲಿ ನಿಂತು ಒಳಗೆ ನೋಡಿ, ಅವನ ಮುಖ ಅರಳಿತು.

“ಹಿಡದು ಕೊಡತೇನ್ರಿ. ಯಾವ ಪ್ಯಾಟಿಗೆ ಕಳಸ್ತೀರಿ?”

“ಮಾರಂಗಿಲ್ಲ. ಹೊಳ್ಯಾಗ ಬಿಡತೇವಿ” ಎಂದರು ಮಾವ.

ಅವನು ನನ್ನ ಕಡೆ ನೋಡಿದ. ನಾನು ಓದಿದವನಂತೆ ನಿಂತಿದ್ದೆ. “ಹೊಳ್ಯಾಗಿಂದ ಹಿಡದು ಊರಿಗೆ ತರೂದು ನೋಡೇನ್ರಿ ಸಾವ್ಕಾರ್ರ” ಎಂದ, “ಊರಾಗಿಂದ ಹಿಡದು ಹೊಳಿಗೆ ಒಯ್ಯೂದು ನೋಡಿಲ್ಲ.”

“ನೋಡೂವಂತಿ ಬಾ.”

“ಅಲ್ಲೂ ನಮ್ಮಂಥಾವ್ರು ಬಲಿ ಹಾಕತಾರ್ರಿ. ಈಗs ಹೇಳಿರ್ತೇನಿ, ಆಮ್ಯಾಲ ನನ್ನ ಮ್ಯಾಲೆ ಬರಬ್ಯಾಡ್ರಿ.”

“ಹೊಳಿ ದೊಡ್ಡದೈತಿ. ತಪ್ಪಿಸ್ಕೊಳ್ಳಾಕ ಜಾಗಾ ಐತಿ. ಇಲ್ಲಿ ಅದೂ ಇಲ್ಲಲ್ಲ” ಎಂದರು ಮಾವ.

ಅವನು ತಲೆ ಕೆರೆದುಕೊಂಡು ಒಪ್ಪಿದ. ಹೋಗುವಾಗ ಒಂದೇ ಮಾತು ಹೇಳಿದ: ಹಿಂದಿನ ದಿನದಿಂದ ಅವಕ್ಕೆ ಏನೂ ಹಾಕಬಾರದು. ಹೊಟ್ಟೆ ತುಂಬಿದ್ದರೆ ದಾರಿಯಲ್ಲಿ ನೀರು ಕೆಡಿಸುತ್ತವೆ, ಕೆಟ್ಟ ನೀರಲ್ಲಿ ಸಾಯುತ್ತವೆ. ಮಾವ ಅದನ್ನು ನನಗೆ ಹೇಳಿದರು, ನಾನು ಅತ್ತೆಗೆ ಹೇಳಿದೆ, ಅತ್ತೆ “ಆತು” ಎಂದರು.

ಹೊರಡುವ ದಿನ ಬೆಳಗ್ಗೆ ಬಾಡಿಗೆ ಟೆಂಪೋ ಬಂತು. ಹಿಂದಿನ ಭಾಗಕ್ಕೆ ತಾಡಪತ್ರಿ ಹಾಸಿ ನೀರು ತುಂಬುವುದೆಂದು ಠರಾವಾಗಿತ್ತು. ಆ ಮನೆಯಲ್ಲಿದ್ದ ತಾಡಪತ್ರಿಗಳೆಲ್ಲ ಮೆಣಸಿನಕಾಯಿ ಒಣಗಿಸಿದವು. ಒಂದನ್ನು ತಿಕ್ಕಿ ತೊಳೆದ ಮೇಲೆ ಮಾವ ಮೂಗು ಹಚ್ಚಿ ನೋಡಿ, ಖಾರ ಹೋಗಿದೆ ಎಂದರು. ಹುಟ್ಟಿದಾಗಿನಿಂದ ಬ್ಯಾಡಗಿಯ ಗಾಳಿ ಕುಡಿದ ಮೂಗು ಅದು, ಅದನ್ನು ನಂಬುವಂತಿರಲಿಲ್ಲ. ನನ್ನನ್ನು ಕರೆದರು. ನಾನು ಬಗ್ಗಿ ಮೂಸಿದೆ, ಕಣ್ಣಲ್ಲಿ ನೀರು ಬಂದು ಸೀನಿದೆ. ಮತ್ತೆ ತೊಳೆದರು. ನಾನು ಸೀನುವುದು ನಿಲ್ಲುವವರೆಗೆ ತೊಳೆದರು. ವಿಜ್ಞಾನದ ಮಾಸ್ತರನಿಂದ ಆ ಮನೆಗಾದ ಉಪಯೋಗ ಇದೊಂದೇ. ಇಷ್ಟರಲ್ಲಿ ಬಿಸಿಲೇರಿತ್ತು.

ಹೊಲಕ್ಕೆ ಹೋಗಿ ನೋಡಿದರೆ, ಹೊಂಡದ ನೀರಿನ ಮೇಲೆ ತೌಡು ತೇಲುತ್ತಿತ್ತು. ಅತ್ತೆ ತಾಟು ಮಡಿಲಲ್ಲಿಟ್ಟುಕೊಂಡು ದಂಡೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಹಿಂಡಿಯ ಚೀಲ ಚಪ್ಪಟೆಯಾಗಿ ಬಿದ್ದಿತ್ತು.

“ಅತ್ತಿ, ಹಾಕಬಾರದು ಅಂತ ಹೇಳಿದ್ದೆನಲ್ರಿ” ಎಂದೆ.

“ಮನಿ ಬಿಟ್ಟು ಹೋಗೂ ಜೀವ ಅಳಿಯಾರ. ಉಪವಾಸ ಕಳಸೂ ಮನಿ ಅಲ್ಲ ಇದು. ಮಗಳನ್ನ ನಿಮ್ಮ ಮನಿಗೆ ಕಳಸೂವಾಗ ಉಪವಾಸ ಕಳಿಸಿದ್ನೇನು?”

ಮೀನುಗಾರ ನಾಲಿಗೆಯಿಂದ ಲೊಚ್ ಎಂದು ಸದ್ದು ಮಾಡಿದ. ಮಾವ ತೇಲುತ್ತಿದ್ದ ತೌಡನ್ನು ನೋಡಿದರು, ಅತ್ತೆಯನ್ನು ನೋಡಿದರು. ಇನ್ನೊಂದು ದಿನ ಕಾಯುವಂತಿರಲಿಲ್ಲ, ನೀರು ತೊಡೆಯ ಮಟ್ಟಕ್ಕೆ ಬಂದಿತ್ತು. “ಬಲಿ ಹಾಕು” ಎಂದರು.

ಹಿಡಿದ ಮೇಲೆ ಅವುಗಳ ಗಾತ್ರ ನೋಡಿ ನಮಗೇ ಗಾಬರಿಯಾಯಿತು. ಕೆಲವು ಎಳೇ ಕೂಸಿನಷ್ಟು ಭಾರವಿದ್ದವು, ಹಾಗೆಯೇ ಒದೆಯುತ್ತಿದ್ದವು. ಅತ್ತೆ ಪ್ರತಿಯೊಂದರ ಮೇಲೂ ಕೈಯಾಡಿಸಿ ಟೆಂಪೋಕ್ಕೆ ಕಳಿಸಿದರು. ತಾವು ಬರಲಿಲ್ಲ.

ನಾನೂ ಮೀನುಗಾರನೂ ಹಿಂದೆ ನಿಂತೆವು. ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತರದಿಂದ ಸುರಿಯುತ್ತಿರಬೇಕು, ಆಗ ನೀರಿಗೆ ಗಾಳಿ ಸೇರುತ್ತದೆ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ದಾಟುವ ಹೊತ್ತಿಗೆ ನನ್ನ ರಟ್ಟೆ ಬಿದ್ದುಹೋಗಿತ್ತು. ಹೊಂಡದಲ್ಲಿ ತಿಂದದ್ದನ್ನು ಅವು ಒಂದೊಂದಾಗಿ ಹೊರಗೆ ಹಾಕತೊಡಗಿದ್ದವು, ನೀರು ಗಂಜಿಯಂತಾಯಿತು. ದಾರಿಯಲ್ಲಿ ಸಿಕ್ಕ ಕಡೆ ನೀರು ಬದಲಿಸಿದೆವು. ಅದಕ್ಕೆ ಹೊತ್ತು ಹೋಯಿತು. ಗುತ್ತಲದಲ್ಲಿ ನಲ್ಲಿಯ ಹತ್ತಿರ ನಿಲ್ಲಿಸಿದಾಗ ಜನ ಕೂಡಿದರು.

“ಏನ್ ದರಾ ಕಾಕಾರ?” ಎಂದ ಒಬ್ಬ, ಹಣೆ ತುಂಬ ವಿಭೂತಿ ಹಚ್ಚಿದ್ದ ಮಾವನನ್ನು.

“ಮಾರೂವಲ್ಲ.”

“ಎಲ್ಲಾ ಬುಕ್ ಆಗ್ಯಾವನ್ರಿ?”

“ಹೌದು.”

“ಯಾರಿಗೆ?”

“ಗಳಗೇಶ್ವರಗ” ಎಂದರು ಮಾವ. ಅವನು ಕೈ ಮುಗಿದು ಹಿಂದೆ ಸರಿದ.

ಗಳಗನಾಥದಲ್ಲಿ ಗುಡಿಯ ಕೆಳಗೆ, ಹೊಳೆಯ ದಂಡೆಯವರೆಗೆ ಟೆಂಪೋ ಇಳಿಯಿತು. ಒಂದೊಂದನ್ನೇ ಎತ್ತಿ ನೀರಿಗಿಟ್ಟೆವು. ಮೊದಲು ಅವು ಅಲ್ಲೇ, ನಮ್ಮ ಕಾಲ ಹತ್ತಿರವೇ ನಿಂತವು. ಇಷ್ಟು ನೀರು ಇರಬಹುದೆಂದು ಅವಕ್ಕೆ ಯಾರೂ ಹೇಳಿರಲಿಲ್ಲ. ಆಮೇಲೆ ಒಂದು ಬಾಲ ಬೀಸಿ ಮಡುವಿನ ಕಡೆ ಹೋಯಿತು, ಅದರ ಹಿಂದೆ ಉಳಿದವು ಹೋದವು. ಮಾವ ಮೊಣಕಾಲು ನೀರಲ್ಲಿ ನಿಂತು, ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮೆಣಸಿನಕಾಯಿಗೆ ದರ ಬಂದಾಗಲೂ ಕಂಡಿರಲಿಲ್ಲ.

ಕೊನೆಯದನ್ನು ನಾನು ಎತ್ತಿಕೊಟ್ಟೆ. ಅದು ಹೋಗಲಿಲ್ಲ. ಪಕ್ಕಕ್ಕೆ ವಾಲಿತು, ಹೊಟ್ಟೆ ಮೇಲಾಯಿತು. ಮೀನುಗಾರ ಅದನ್ನು ಬಾಲ ಹಿಡಿದು ಹಿಂದೆ ಮುಂದೆ ಆಡಿಸಿದ, ಕಿವಿರಿಗೆ ನೀರು ಬಿಟ್ಟ, ಸಾಕಷ್ಟು ಹೊತ್ತು ಪ್ರಯತ್ನಿಸಿದ. ಆಮೇಲೆ ಬಿಟ್ಟ.

“ಹೊಟ್ಟಿ ಬಿರಿಯೂವಂಗ ಉಣಿಸ್ಯಾರ್ರಿ. ಅದಕ್ಕs ಹೋತು.”

ಟೆಂಪೋದವನೇ ಮೊದಲು ಬಾಯಿಬಿಟ್ಟ. “ಮನ್ಯಾಗ ಹೇಳೂದು ಬ್ಯಾಡ ಬಿಡ್ರಿ. ಎಲ್ಲಾ ಹೋದವು ಅನ್ರಿ. ಹೊಳ್ಯಾಗ ಬಂದು ಯಾರು ಎಣಸ್ತಾರ?” ಮೀನುಗಾರ, ಹೇಗೂ ಸತ್ತಿದೆ, ತನಗೆ ಕೊಟ್ಟರೆ ಉಪಯೋಗವಾಗುತ್ತದೆ ಎಂದ. ಅವನ ಮಾತಿನಲ್ಲೂ ತಪ್ಪಿರಲಿಲ್ಲ. ಮಾವ ದಂಡೆಯ ಕಲ್ಲಿನ ಮೇಲೆ ಕೂತರು. ಗುಡಿಯ ಕಡೆ ಒಮ್ಮೆ, ಹೊಳೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲನ್ನು ನೀರಲ್ಲಿ ಅದ್ದಿ, ಹಿಂಡಿ, ನೆಲದ ಮೇಲೆ ಹಾಸಿದರು. ಜೀವಮಾನದಲ್ಲಿ ಮೊದಲ ಸಲ ಸತ್ತ ಮೀನನ್ನು ಕೈಯಲ್ಲಿ ಎತ್ತಿ ಅದರ ಮೇಲಿಟ್ಟು ಸುತ್ತಿದರು.

“ಮನಿಗೆ ಒಯ್ಯೂಣು” ಎಂದರು.

“ಯಾಕ್ರಿ ಮಾವಾರ?”

“ಬರೇ ಬಾಯಿಲೆ ಹೇಳಿದ್ರ ಆಕಿ ನಂಬಂಗಿಲ್ಲ. ಎಲ್ಲಾ ಉಳದಾವಂದ್ರೂ ನಂಬಂಗಿಲ್ಲ, ಒಂದು ಸತ್ತಿತಂದ್ರೂ ನಂಬಂಗಿಲ್ಲ. ಕಣ್ಣಿಲೆ ನೋಡ್ಲಿ.”

ಮೀನುಗಾರನನ್ನು ದಾರಿಯಲ್ಲಿ ಇಳಿಸಿ, ಮುಂದಿನ ಸೀಟಿನಲ್ಲಿ ಮಾವನ ಪಕ್ಕ ಕೂತೆ. ಗಂಟು ಅವರ ತೊಡೆಯ ಮೇಲಿತ್ತು, ಎದೆಯ ಮೇಲಿನ ಲಿಂಗದಿಂದ ಒಂದು ಗೇಣು ಕೆಳಗೆ. ಬಹಳ ದೂರ ಬಂದ ಮೇಲೆ ಅಂದರು: “ಉಣಿಸಿದ್ದಕ್ಕ ಸತ್ತಿತು ಅಂತ ಹೇಳಬ್ಯಾಡ್ರಿ ಅಳಿಯಾರ. ಬಿಸಲಾತು, ತಡಾ ಆತು, ತಡಾ ಮಾಡಿದ್ದು ನಾನು ಅನ್ರಿ.”

ನಾನು ಅವರ ಮುಖ ನೋಡಿದೆ. ಇಷ್ಟು ವರ್ಷ ಅತ್ತೆಯ ಎದುರು ತಲೆ ತಗ್ಗಿಸಿ ಬದುಕಿದ ಮನುಷ್ಯ. ಇವತ್ತು ತಪ್ಪು ಅವರದಲ್ಲ ಎಂದು ತೋರಿಸುವ ಸತ್ಯ ಅವರ ಕೈಯಲ್ಲಿತ್ತು. ಸಾಕ್ಷಿಗೆ ನಾವು ಮೂವರಿದ್ದೆವು. ನನಗೆ ಅವರ ಮೇಲೆ ಸಿಟ್ಟೇ ಬಂತು. “ಮತ್ತೂ ಸುಳ್ಳು ಹೇಳೂದೇನ್ರಿ?” ಎಂದೆ. ಅವರು ಕಿಟಕಿಯ ಆಚೆ ನೋಡಿದರು. ಊರು ಬರುವುದರೊಳಗೆ ಆ ಸಿಟ್ಟು ಇಳಿದಿತ್ತು.

ಸಂಜೆಯ ಬಿಸಿಲಿನಲ್ಲಿ ಅತ್ತೆ ಹೊಂಡದ ಹತ್ತಿರದ ಬೇವಿನ ಕೆಳಗೆ ಕೂತಿದ್ದರು. ಮಾವ ಗಂಟನ್ನು ಅವರ ಮುಂದಿಟ್ಟು ಬಿಚ್ಚಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು, ನನ್ನ ಕಡೆ ತಿರುಗಿದರು.

“ಹೇಳ್ರಿ ಅಳಿಯಾರ. ಉಳದವೆಲ್ಲಾ ನೀರಿಗೆ ಹೋದವು. ಇದೊಂದು ಹೋತು. ಬಿಸಲು ಹತ್ತಿತು. ತಡಾ ನಾ ಮಾಡಿದೆ, ತಪ್ಪು ನಂದು.”

ನಾನು ಹೇಳಿದೆ. ಒಂದಕ್ಷರ ಹೆಚ್ಚು ಕಮ್ಮಿ ಮಾಡದೆ ಹೇಳಿದೆ.

ಅತ್ತೆ ಮೀನಿನ ಮೇಲೆ ಬಾಗಿದರು. ತಲೆಯಿಂದ ಬಾಲದವರೆಗೆ ಕೈಯಾಡಿಸಿದರು. ಹೊಟ್ಟೆಯ ಮೇಲೆ ಬಂದಾಗ ಕೈ ನಿಂತಿತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಎಮ್ಮೆಯ ಹೊಟ್ಟೆಯುಬ್ಬರ ನೋಡಿ ಗೊತ್ತಿದ್ದ ಕೈ ಅದು. ಅರಗದ ಬೆಳಗಿನ ಹಿಂಡಿ ಹೊರಬಂದು ಅವರ ಬೆರಳಿಗೆ ಹತ್ತಿತು. ಅವರು ಬೆರಳನ್ನು ನೋಡಿದರು, ಸೆರಗಿಗೆ ಒರೆಸಲಿಲ್ಲ.

“ರೀ” ಎಂದರು.

ನನ್ನನ್ನಲ್ಲ. ನಾನು ಅಳಿಯನಾದ ಮೇಲೆ ಅತ್ತೆಯ ಬಾಯಲ್ಲಿ ಆ ಶಬ್ದವನ್ನು ಕೇಳಿಯೇ ಇರಲಿಲ್ಲ.

“ರೀ, ಬ್ಯಾಡ ಅಂದ್ರೂ ಉಣಿಸಿದಾಕಿ ನಾನು. ಅದಕ್ಕs ಸತ್ತೈತಿ. ನಿಮಗ ಗೊತ್ತಿತ್ತಿಲ್ಲೋ?”

ಮಾವ ರೂಢಿಯಂತೆ ನನ್ನ ಮುಖ ನೋಡಿದರು. ನಾನು ಎಮ್ಮೆಯ ಕಡೆ ನೋಡಿದೆ. ಮುಟ್ಟಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

“ಗೊತ್ತಿತ್ತು” ಎಂದರು ಮಾವ.

“ಮತ್ತ್ಯಾಕ ನಿಮ್ಮ ಮ್ಯಾಲೆ ಹಾಕ್ಕೊಂಡ್ರಿ?”

“ಖರೇ ಹೇಳಿದ್ರ ನೀ ಊಟಾ ಬಿಡತಿದ್ದಿ” ಎಂದರು ಮಾವ.

ಅತ್ತೆ ಅತ್ತರು. ಸದ್ದಿಲ್ಲದೆ, ಮೀನಿನ ಮೇಲೆ ಕೈಯಿಟ್ಟುಕೊಂಡೇ ಅತ್ತರು. ಮಾವ ಹತ್ತಿರ ಹೋಗಲಿಲ್ಲ, ದೂರವೂ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗುದ್ದಲಿ ತಂದರು. ನಮ್ಮಲ್ಲಿ ಸತ್ತವರನ್ನು ಸುಡುವ ಪದ್ಧತಿಯಿಲ್ಲ, ಮಣ್ಣು ಮಾಡುತ್ತೇವೆ. ಮೀನಿಗೂ ಅದೇ ಎಂದು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಅತ್ತೆ ಮೀನನ್ನೆತ್ತಿ ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. ಮಾವ ಹೊಂಡದ ಬದುವಿನ ಪಕ್ಕದಲ್ಲಿ ಅಗೆಯತೊಡಗಿದ್ದರು.

“ಅಲ್ಲಿ ಬ್ಯಾಡ್ರಿ, ಮಳಿಗಾಲದಾಗ ನೀರು ನಿಂದರತೈತಿ” ಎಂದರು ಅತ್ತೆ.

“ನಿಂದರ್ಲಿ ಬಿಡು. ಅದಕ್ಕೇನು ನೀರು ಹೊಸದೇನು?”

“ನಾ ಹೇಳೂದು ಒಂದರೆ ಕೇಳ್ತೀರಿ?”

“ಕೇಳಾಕ ಇಷ್ಟು ದಿವ್ಸ ನೀ ಎಲ್ಲಿ ಹೇಳಿದ್ದಿ?”

ದನಿ ಏರಿತು. ಬೇವಿನ ಕೆಳಗೋ, ಬದುವಿನ ಮೇಲೋ ಎಂದು ಇಬ್ಬರೂ ಜಗಳಕ್ಕೆ ನಿಂತರು. ಸತ್ತ ಕಾಟ್ಲಾವನ್ನು ಎರಡೂ ಕೈಯಲ್ಲಿ ಹಿಡಿದು ನಾನು ನಡುವೆ ನಿಂತಿದ್ದೆ. ಕತ್ತಲಾಗುವವರೆಗೆ ಅವರು ಮಾತಾಡಿದರು, ಒಂದು ಸಲವೂ ನನ್ನನ್ನು ಕರೆಯಲಿಲ್ಲ.